ಹೆಗಲಿಗೆ ತಕ್ಕ ಕೋವಿ, ಕೈಗೆ ತಕ್ಕ ಹಿಡಿ

ನಮ್ಮ ನಡುಮನೆಯ ಗೋಡೆಯ ಗೂಟದ ಮೇಲೆ ಬಹುಕಾಲ ಒಂದು ಕೋವಿ ಇತ್ತು. ಅದು ತಾತನವರದು. ನಳಿಗೆಯ ಬಾಯಿಂದ ಮದ್ದು ಚರೆಗಳನ್ನು ತುಂಬಿ, ಸಲಾಕೆಯಿಂದ ಗಿಡಿದು, ಕೇಪು ಇಟ್ಟು ಹಾರಿಸಬೇಕಾದ ಹಳೆಯ ಮಾದರಿ. ಮಳವಳ್ಳಿಯ ಕಡೆಯ ನಮ್ಮ ಹೊಲ ಕಾಡಿನ ಅಂಚಿಗೆ ಇದ್ದುದರಿಂದ, ರಾಗಿಯ ತೆನೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಹಂದಿಯ ಹಿಂಡು ಇಳಿದು ಬರುತ್ತಿತ್ತು. ಒಂದು ರಾತ್ರಿ ಕಣ್ಣು ಮುಚ್ಚಿದರೆ ಆರು ತಿಂಗಳ ಅನ್ನ ಮಣ್ಣುಪಾಲು. ಇಂಥ ರೈತನ ಕಷ್ಟವನ್ನು ನಮ್ಮ ಶಾಸನಕಾರರೂ ಮರೆತಿರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆಯ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಈ ಬಗೆಯ ಕೋವಿಯನ್ನು ಬೇರೆಯಾಗಿಯೇ ಹೆಸರಿಸಿದೆ.

ತಾತನವರು ಕುಳ್ಳರು, ಅದರ ಮೇಲೆ ಎಡಗೈಯವರು. ಕೊಂಡ ಕೋವಿಯಾದರೋ ಎತ್ತರದ ಬಲಗೈಯ ಮನುಷ್ಯನಿಗೆಂದು ಮಾಡಿದ್ದು. ಅರುವತ್ತರ ದಶಕದ ಒಂದು ದಿನ ಅದನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು, ನನ್ನನ್ನೂ ಜತೆಗೆ ಕರೆದುಕೊಂಡು, ಮೈಸೂರಿನಲ್ಲಿ ಪರವಾನಗಿ ಪಡೆದಿದ್ದ ಒಬ್ಬ ಬಂದೂಕು ಕೆಲಸಗಾರರ ಬಳಿಗೆ ಹೋದರು. ಆ ಮುದುಕರು ಕೋವಿಯನ್ನು ನೋಡಲಿಲ್ಲ. ತಾತನವರನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು.

"ಗೌಡ್ರೆ, ಕಣ್ಣು ಮುಚ್ಕೊಳಿ. ಹಂಗೇ ಕೋವಿ ಎತ್ತಿ ಹೆಗಲಿಗೆ ಇಟ್ಕೊಳಿ. ಹಾಂ, ಈಗ ಕಣ್ಣು ಬಿಡಿ. ಏನು ಕಾಣ್ತದೆ?"

"ನಳಿಗೆ ಪಕ್ಕಕ್ಕೆ ಹೋಗ್ಯದೆ, ಸಾಬ್ರೆ."

"ಹಂಗಾದ್ರೆ ಇದು ಇನ್ನೂ ನಿಮ್ಮ ಕೋವಿ ಆಗಿಲ್ಲ. ಮಾಡಿಕೊಡ್ತೀನಿ, ಎಂಟು ದಿನ ಬಿಟ್ಟು ಬನ್ನಿ."

ಆಮೇಲೆ ಅವರು ದಾರವನ್ನು ತೆಗೆದು ತಾತನವರ ಮೊಣಕೈಯಿಂದ ತೋರುಬೆರಳಿನವರೆಗೆ, ಕೆನ್ನೆಯ ಎಲುಬಿನಿಂದ ಹೆಗಲಿನವರೆಗೆ ಅಳೆದು ಗಂಟು ಹಾಕಿಕೊಂಡರು. ದರ್ಜಿಯವನೂ ಅಂಗಿಗೆ ಅಷ್ಟು ಶ್ರದ್ಧೆಯಿಂದ ಅಳತೆ ತೆಗೆದುಕೊಂಡುದನ್ನು ನಾನು ಕಂಡಿರಲಿಲ್ಲ.

ಅದರ ಮರ್ಮ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಕೋವಿಯ ಗುರಿ ನಳಿಗೆಯಲ್ಲಿ ಎಷ್ಟು ಇದೆಯೋ ಅದರ ಹಿಂದಣ ಮರದಲ್ಲಿಯೂ ಅಷ್ಟೇ ಇದೆ. ಟ್ರಿಗರಿನಿಂದ ಮರದ ತುದಿಯವರೆಗಿನ ಉದ್ದ ತೋಳಿಗೆ ಹೊಂದಬೇಕು. ಉದ್ದ ಹೆಚ್ಚಾದರೆ ಎತ್ತುವಾಗ ಕಂಕುಳಿಗೆ ತೊಡರುತ್ತದೆ. ಕಡಮೆಯಾದರೆ ಒದೆತಕ್ಕೆ ಹೆಬ್ಬೆರಳು ಬಂದು ಮೂಗಿಗೆ ಬಡಿಯುತ್ತದೆ. ಮರದ ಬೆನ್ನಿನ ಇಳಿತ ಕೊರಳಿನ ಉದ್ದಕ್ಕೆ ಹೊಂದಬೇಕು. ಇಲ್ಲವಾದರೆ ಈಡು ಗುರಿಯ ಮೇಲೆಯೋ ಕೆಳಗೆಯೋ ಹಾಯುತ್ತದೆ. ಬಲಗೈಯವನಿಗೆ ಮರವನ್ನು ಕೂದಲೆಳೆಯಷ್ಟು ಬಲಕ್ಕೆ ಬಾಗಿಸುತ್ತಾರೆ, ಎಡಗೈಯವನಿಗೆ ಎಡಕ್ಕೆ. ಇಷ್ಟು ಕೂಡಿಬಂದಾಗ ಕೋವಿ ಎತ್ತಿದ ಕ್ಷಣದಲ್ಲಿ ಕಣ್ಣು ತಾನಾಗಿಯೇ ನಳಿಗೆಯ ನೇರಕ್ಕೆ ಬಂದು ನಿಲ್ಲುತ್ತದೆ.

ನಮ್ಮ ದೇಶದ ಮಹಾರಾಜರುಗಳು ಈ ಸುಖವನ್ನು ಚೆನ್ನಾಗಿ ಅರಿತಿದ್ದರು. 1814ರಲ್ಲಿ ಆರಂಭವಾದ ಪರ್ಡಿ, 1835ರಲ್ಲಿ ಆರಂಭವಾದ ಹಾಲೆಂಡ್ ಅಂಡ್ ಹಾಲೆಂಡ್ ಮೊದಲಾದ ಲಂಡನ್ನಿನ ಕೋವಿಮನೆಗಳಿಗೆ ಭಾರತದ ಸಂಸ್ಥಾನಿಕರು ದೊಡ್ಡ ಗಿರಾಕಿಗಳಾಗಿದ್ದರು. ಅಂಥ ಮನೆಗಳಲ್ಲಿ ಗಿರಾಕಿಯ ಕೈಗೆ ಮೊದಲು ಒಂದು ಅಳತೆ ಬಂದೂಕನ್ನು ಕೊಡುವುದು ವಾಡಿಕೆ. ಅದರ ಮರಕ್ಕೆ ಕೀಲುಗಳೂ ತಿರುಪುಗಳೂ ಇರುತ್ತವೆ. ಉದ್ದ, ಇಳಿತ, ಬಾಗುಗಳನ್ನು ಹೆಚ್ಚು ಕಡಮೆ ಮಾಡುತ್ತ, ಆ ಮನುಷ್ಯನ ಮೈಗೆ ಸರಿಯಾದ ಅಳತೆಯನ್ನು ಅದರಿಂದಲೇ ಓದಿಕೊಂಡು, ಅನಂತರ ಅಕ್ರೋಟಿನ ಮರವನ್ನು ಕೆತ್ತಲು ತೊಡಗುತ್ತಾರೆ. ಒಂದು ಕೋವಿ ಸಿದ್ಧವಾಗಲು ತಿಂಗಳುಗಳೇ ಹಿಡಿಯುತ್ತವೆ.

ಆದರೆ ಈ ವಿದ್ಯೆಗೆ ಲಂಡನ್ನಿನವರೆಗೆ ಹೋಗಬೇಕಾಗಿರಲಿಲ್ಲ. ನಾನು ಈಗ ವಾಸವಾಗಿರುವ ವಿ.ಸಿ. ಫಾರಂನಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಹಾದಿಯ ಶ್ರೀರಂಗಪಟ್ಟಣದಲ್ಲಿ, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ಬೇಟೆಯ ಬಂದೂಕುಗಳು ತಯಾರಾಗುತ್ತಿದ್ದವು. ಚಕಮಕಿ ಕಲ್ಲಿನ ಕಿಡಿಯಿಂದ ಹಾರುವ ಆ ಬಂದೂಕುಗಳ ಮೇಲೆ ಹುಲಿಯ ತಲೆ, ಹುಲಿಯ ಪಟ್ಟೆಗಳು. ಅವುಗಳ ಮೇಲೆ ತೇದಿ ಉಂಟು. ಸುಲ್ತಾನನು ಬಳಕೆಗೆ ತಂದ ಮೌಲೂದಿ ಶಕದ ವರ್ಷವನ್ನು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದು, ಕೆತ್ತಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದವನ ಹೆಸರೂ ಉಂಟು: ಸಯ್ಯದ್ ಮಾಸೂಮ್, ಸಯ್ಯದ್ ದಾವೂದ್. ಒಡೆಯನ ಲಾಂಛನವಿದ್ದ ವಸ್ತುವಿನ ಮೇಲೆಯೇ ಕೆಲಸಗಾರನ ಹೆಸರೂ ನಿಂತಿತೆಂದರೆ, ಅದೇನು ಸಾಮಾನ್ಯ ಗೌರವವಲ್ಲ.

1799ರ ಮೇ 4ರಂದು ಪಟ್ಟಣ ಬಿದ್ದಿತು. ಬಂದೂಕುಗಳು ಗೆದ್ದವರ ಪಾಲಾದವು. ಇಂದು ಅವುಗಳಲ್ಲಿ ಕೆಲವು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿಯೂ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿಯೂ ಇವೆ. 1992ರಲ್ಲಿ ರಾಬಿನ್ ವಿಗಿಂಗ್ಟನ್ ಎಂಬ ಆಂಗ್ಲ ಸಂಗ್ರಾಹಕರು ಈ ಬಂದೂಕುಗಳ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿದರು. 2015ರ ಏಪ್ರಿಲ್‌ನಲ್ಲಿ ಬಾನ್‌ಹ್ಯಾಮ್ಸ್ ಸಂಸ್ಥೆ ಲಂಡನ್ನಿನಲ್ಲಿ ನಡೆಸಿದ ಹರಾಜಿನಲ್ಲಿ ಸಯ್ಯದ್ ಮಾಸೂಮನು ಮಾಡಿದ ಬೇಟೆಯ ಬಂದೂಕೊಂದು ಬಂದಿತ್ತು. ಒಂದೇ ನಳಿಗೆಯಲ್ಲಿ ಒಂದರ ಹಿಂದೊಂದು ಎರಡು ಈಡುಗಳನ್ನು ತುಂಬಬಹುದಾದ ಅಪೂರ್ವ ಕೆಲಸ ಅದು. ದೂರದೇಶದ ಹರಾಜಿನವರಿಗೆ ಕಂಠಪಾಠವಾಗಿರುವ ಈ ಹೆಸರುಗಳನ್ನು ನಮ್ಮ ಮಂಡ್ಯ ಜಿಲ್ಲೆಯ ಎಷ್ಟು ಮಂದಿ ಕೇಳಿದ್ದಾರೆ? ಸುಲ್ತಾನನನ್ನು ಹೊಗಳುವವರೂ ತೆಗಳುವವರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವನ ಬಂದೂಕಿನ ಮರವನ್ನು ಉಜ್ಜಿ ನಯಮಾಡಿದ ಕೈಯ ಮಾತನ್ನು ಎತ್ತುವವರು ಮಾತ್ರ ಸಿಕ್ಕುವುದಿಲ್ಲ.

ಇಷ್ಟು ಹೇಳಿದುದರಿಂದ, ಬೇಟೆಯ ವೈಭವ ಮರಳಿ ಬರಲಿ ಎಂದು ನಾನು ಹಂಬಲಿಸುತ್ತಿರುವೆನೆಂದು ವಾಚಕರು ಭಾವಿಸಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ವಿನೋದಕ್ಕೆ ತೆರೆ ಎಳೆದುದು ಒಳ್ಳೆಯದೇ ಆಯಿತು. ಕೊಲ್ಲುವ ಸುಖಕ್ಕಾಗಿ ಕೊಂದ ಮೃಗಗಳ ಲೆಕ್ಕ ನಮ್ಮ ತಲೆಯ ಮೇಲಿದೆ. ನನಗಿರುವ ವ್ಯಥೆ ಬೇರೆ. ಬೇಟೆಯೊಡನೆ ಒಂದು ಅರಿವೂ ಮಣ್ಣಾಗಬೇಕಾಗಿರಲಿಲ್ಲ. ಉಪಕರಣವು ಮನುಷ್ಯನ ಮೈಗೆ ಹೊಂದಬೇಕೇ ಹೊರತು ಮೈ ಉಪಕರಣಕ್ಕೆ ಹೊಂದಿಕೊಳ್ಳಬಾರದು ಎಂಬುದೇ ಆ ಅರಿವು. ದೊರೆಗೆ ಕೋವಿ ಮಾಡುವಾಗ ಇದು ಎಲ್ಲರಿಗೂ ತಿಳಿದಿತ್ತು. ಕೂಲಿಯವಳಿಗೆ ಕಳೆ ತೆಗೆಯುವ ಸಾಧನ ಮಾಡುವಾಗ ಮಾತ್ರ ಮರೆತುಹೋಯಿತು.

ಕಳೆದ ವರ್ಷ ಬೆಳಗಿನ ತಿರುಗಾಟಕ್ಕೆ ಹೊರಟವನು ನಾಲೆಯ ಬದಿಯ ಒಂದು ಗದ್ದೆಯ ಬಳಿ ನಿಂತೆ. ಯಾರದೋ ಖಾಸಗಿ ಜಮೀನು. ನಾಲ್ವರು ಹೆಂಗಸರು ಕೈಯಿಂದ ತಳ್ಳುವ ಕಳೆಯಂತ್ರ ಹಿಡಿದು ಸಾಲುಗಳ ನಡುವೆ ಕೆಸರಿನಲ್ಲಿ ನಡೆಯುತ್ತಿದ್ದರು. ಯಂತ್ರದ ಹಿಡಿ ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು. ತಳ್ಳುವಾಗ ಬೆನ್ನಿನ ಬಲ ಅದಕ್ಕೆ ತಾಗುತ್ತಿರಲಿಲ್ಲ. ಭಾರವೆಲ್ಲ ಮಣಿಕಟ್ಟಿನ ಮೇಲೆಯೇ ಬೀಳುತ್ತಿತ್ತು. ಒಬ್ಬಾಕೆಯ ಯಂತ್ರದ ಹಿಡಿ ಮಾತ್ರ ಗಿಡ್ಡವಾಗಿ, ಅದರ ತುದಿಗೆ ಹಳೆಯ ಸೀರೆಯ ಚೂರು ಸುತ್ತಿತ್ತು.

"ಇದ್ಯಾಕವ್ವ ನಿನ್ನದು ಮಾತ್ರ ಗಿಡ್ಡ?" ಎಂದು ಕೇಳಿದೆ.

"ನಾನೇ ಕುಯ್ಸಿದ್ದು ತಾತ. ಉದ್ದ ಇದ್ರೆ ರಾತ್ರಿಯೆಲ್ಲ ತೋಳು ನೋಯ್ತದೆ. ಒಸಿ ಕುಯ್ಸಿದ್ ಮ್ಯಾಲೆ ಪರವಾಗಿಲ್ಲ."

ಕಣ್ಣು ಮುಚ್ಚಿಸಿ ಕೋವಿ ಎತ್ತಿಸಿದ ಮೈಸೂರಿನ ಆ ಮುದುಕರು ನನಗೆ ಆ ಕ್ಷಣದಲ್ಲಿ ನೆನಪಾದರು. ಅವರು ದಾರ ಹಿಡಿದು ಕಂಡುಕೊಂಡುದನ್ನು ಈಕೆ ನೋವಿನಿಂದ ಕಂಡುಕೊಂಡಿದ್ದಳು.

ಇದು ಒಬ್ಬಳ ಮಾತಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ 2009ರಲ್ಲಿ ನಮ್ಮ ದೇಶದ ಕೃಷಿ ಕೆಲಸಗಾರರ ದೇಹದ ಅಳತೆಗಳನ್ನು ಕಲೆಹಾಕಿ ಪ್ರಕಟಿಸಿದೆ. ಅದರಂತೆ ಗಂಡಸರಿಗೂ ಹೆಂಗಸರಿಗೂ ಸರಾಸರಿ ಎತ್ತರದಲ್ಲಿಯೇ 10 ಸೆಂಟಿಮೀಟರಿಗಿಂತ ಹೆಚ್ಚಿನ ಅಂತರವಿದೆ. ಅಳತೆಗಳು ಗ್ರಂಥದಲ್ಲಿವೆ. ಗದ್ದೆಗೆ ಇಳಿಯಬೇಕಾಗಿದೆ, ಅಷ್ಟೆ.

ಹಿಂದೆ ಹಳ್ಳಿಯ ಕುಲುಮೆಯಲ್ಲಿ ಇದು ತಾನಾಗಿಯೇ ನಡೆಯುತ್ತಿತ್ತು. ಕುಡುಗೋಲು ಬೇಕಾದವಳು ತಾನೇ ಹೋಗಿ ಆಚಾರಿಯ ಮುಂದೆ ನಿಲ್ಲುತ್ತಿದ್ದಳು. ಅವನು ಅವಳ ಅಂಗೈ ನೋಡಿ ಹಿಡಿಯನ್ನು ಕೆತ್ತುತ್ತಿದ್ದ. ಎಡಗೈಯವಳಾದರೆ ಹಲ್ಲಿನ ಮಗ್ಗುಲನ್ನು ಬದಲಿಸಿ ಕಡಿದುಕೊಡುತ್ತಿದ್ದ. ಇಂದು ಕುಲುಮೆ ಆರಿದೆ. ಅಂಗಡಿಯಲ್ಲಿ ಕುಡುಗೋಲು ಅಗ್ಗವಾಗಿ ಸಿಕ್ಕುತ್ತದೆ, ಎಲ್ಲರಿಗೂ ಒಂದೇ ಅಳತೆಯದು.

ಒಬ್ಬೊಬ್ಬರಿಗೂ ಬೇರೆ ಬೇರೆ ಉಪಕರಣವನ್ನು ಮಾಡಿಕೊಡುವುದಾದರೆ ಅದರ ಬೆಲೆಯನ್ನು ತೆರುವವರಾರು ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಮಹಾರಾಜನ ಕೋವಿಗೆ ಬೊಕ್ಕಸವಿತ್ತು, ಕೂಲಿಯವಳ ಸೆರಗಿನ ಗಂಟಿನಲ್ಲಿ ಬೊಕ್ಕಸವಿಲ್ಲ. ಆದರೆ ಚಪ್ಪಲಿಗೆ ಹತ್ತು ಅಳತೆಗಳುಂಟು, ಅಂಗಿಗೆ ಐದಾರು ಉಂಟು. ಅದರಿಂದ ಯಾವ ಕಾರ್ಖಾನೆಯೂ ಮುಳುಗಿಲ್ಲ. ಹಿಡಿಗೆ ಮೂರು ಅಳತೆಗಳಾದರೂ ಇರಬಾರದೆ? ಏರಿಸಿ ಇಳಿಸಲು ಬರುವಂತೆ ಒಂದು ತಿರುಪನ್ನಾದರೂ ಇಡಬಾರದೆ?

ನಮ್ಮ ವಿ.ಸಿ. ಫಾರಂಗೆ ಈ ಬಗೆಯ ಆಲೋಚನೆ ಹೊಸದೇನೂ ಅಲ್ಲ. ಇರ್ವಿನ್ ನಾಲೆ ಎಂಬ ಹೆಸರಿನಿಂದ ತೋಡಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ನಾಲೆಯ ನೀರು 1930ರ ದಶಕದಲ್ಲಿ ಮಂಡ್ಯದ ಬಯಲಿಗೆ ಹರಿದ ಕಾಲದಲ್ಲಿ ಹುಟ್ಟಿದ ಸಂಸ್ಥೆ ಇದು. ರಾಗಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕದ ರಾಗಿಗೂ ನಂಟು ಬೆಸೆದು ಇಂಡಾಫ್ ತಳಿಗಳನ್ನು ಕೊಟ್ಟದ್ದು ಇಲ್ಲಿಂದಲೇ. ಅವರು ಒಂದೇ ತಳಿಯನ್ನು ಕೊಟ್ಟು ಎಲ್ಲ ಕಾಲಕ್ಕೂ ಇದನ್ನೇ ಬಿತ್ತಿಕೊಳ್ಳಿರೆಂದು ಹೇಳಲಿಲ್ಲ. ಮುಂಗಾರಿಗೆ ಒಂದು, ತಡವಾದ ಬಿತ್ತನೆಗೆ ಒಂದು, ಬೇಸಿಗೆಗೆ ಒಂದು ಎಂದು ಋತುವಿನ ಅಳತೆ ನೋಡಿ ತಳಿಗಳನ್ನು ಹೊಂದಿಸಿದರು. ಬೀಜಕ್ಕೆ ಸಂದ ಈ ಮರ್ಯಾದೆ ಬಿತ್ತುವವಳ ಕೈಗೂ ಸಲ್ಲಬೇಕೆಂದು ನಾನು ಬೇಡುತ್ತೇನೆ.

ಆದುದರಿಂದ ನನ್ನ ಸಲಹೆ ಸಣ್ಣದು. ಫಾರಂನಲ್ಲಿ ಕೃಷಿಮೇಳ ನಡೆಯುವಾಗ ಒಂದು ಮೂಲೆಯಲ್ಲಿ ಕೋವಿಮನೆಯ ಅಳತೆ ಬಂದೂಕಿನಂತೆಯೇ ಒಂದು ಅಳತೆ ಹಿಡಿಯನ್ನು ಇಡಲಿ. ಅದಕ್ಕೆ ಕೀಲು, ತಿರುಪು ಇರಲಿ. ಬಂದ ಹೆಣ್ಣುಮಗಳು ಅದನ್ನು ಹಿಡಿದು ನಾಲ್ಕು ಹೆಜ್ಜೆ ತಳ್ಳಲಿ. ಹಗುರವೆನಿಸಿದ ಅಳತೆಯನ್ನು ಒಂದು ಚೀಟಿಯ ಮೇಲೆ ಬರೆದುಕೊಡಲಿ. ಆ ಚೀಟಿ ನೋಡಿ ಹಿಡಿ ಮಾಡಿಕೊಡಲು, ಕುಲುಮೆ ಆರಿಸಿ ಪಟ್ಟಣ ಸೇರಿದ ಕಮ್ಮಾರರ ಮಕ್ಕಳಲ್ಲಿ ಇಬ್ಬರನ್ನಾದರೂ ಕರೆತರಲಿ. ಮಾಡಿದವನು ಹಿಡಿಯ ಮೇಲೆ ತನ್ನ ಹೆಸರನ್ನೂ ಕೊರೆಯಲಿ. ಶ್ರೀರಂಗಪಟ್ಟಣದ ಸಯ್ಯದರಿಗೆ ಸಂದ ಗೌರವ ಇವನಿಗೇಕೆ ಸಲ್ಲಬಾರದು?

ತಾತನವರು ತೀರಿಕೊಂಡ ಮೇಲೆ ಪರವಾನಗಿಯೊಡನೆ ಕೋವಿ ನನಗೆ ಬಂದಿತು. ಒಂದು ರಾತ್ರಿ ಹಂದಿಗಳನ್ನು ಬೆದರಿಸಲೆಂದು ಆಕಾಶಕ್ಕೆ ಒಂದು ಈಡು ಹಾರಿಸಿದೆ. ಮರ ಬಂದು ಕೆನ್ನೆಗೆ ಬಡಿಯಿತು, ಹೆಗಲು ಎಂಟು ದಿನ ಕಪ್ಪಾಗಿತ್ತು. ನಾನು ಉದ್ದ, ಬಲಗೈಯವನು. ಕೋವಿಯಾದರೋ ತಾತನವರ ಮೈಯನ್ನೇ ನೆನೆದುಕೊಂಡಿತ್ತು. ಕೆಲವು ವರ್ಷಗಳ ಹಿಂದೆ ಅದನ್ನು ಸರಕಾರಕ್ಕೆ ಒಪ್ಪಿಸಿಬಿಟ್ಟೆ. ಒಪ್ಪಿಸುವ ಮುನ್ನ ಒಮ್ಮೆ ಮರವನ್ನು ಸವರಿ ನೋಡಿದೆ. ಅವರ ಎಡಗೆನ್ನೆ ತಾಗುತ್ತಿದ್ದ ಕಡೆ ಅದು ಸವೆದು, ಎಣ್ಣೆ ಸವರಿದಂತೆ ನುಣುಪಾಗಿತ್ತು. ಮೊನ್ನೆ ಆ ಗದ್ದೆಯ ಹೆಂಗಸಿನ ಯಂತ್ರವನ್ನು ಬದುವಿನ ಮೇಲೆ ಮತ್ತೆ ಕಂಡೆ. ಕುಯ್ಸಿದ ಹಿಡಿಯ ತುದಿಯೂ ಈಗ ನುಣುಪಾಗತೊಡಗಿದೆ.