ಚರಗ ಚೆಲ್ಲುವವರು ಹೊಲ ಸುತ್ತಲಿ

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಹೊಲದ ತುಂಬ ಅಡುಗೆ ಎರಚುವ ಚರಗದ ಹಿಂದೆ 'ವಿಜ್ಞಾನ ಅದ' ಎನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. ಚೆಲ್ಲಿದ ಅನ್ನಕ್ಕೆ ಹಕ್ಕಿ ಬರುತ್ತವೆ, ಬಂದವು ಕಡಲೆಯ ಕಾಯಿಕೊರಕ ಹುಳವನ್ನೂ ತಿನ್ನುತ್ತವೆ, ಬೆಳೆ ಹುಲುಸಾಗುತ್ತದೆ ಎಂಬುದು ಅವರ ವಾದ. ನಾನು ಅರ್ಧ ಒಪ್ಪುತ್ತೇನೆ.

ತಿಥಿಯಂತೂ ಕರಾರುವಾಕ್ಕು. ಮುಂಡರಗಿ, ಲಕ್ಷ್ಮೇಶ್ವರದ ಎರೆಹೊಲಗಳಲ್ಲಿ ಹಿಂಗಾರಿ ಕಡಲೆ ಬಿತ್ತುವುದು ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್‌ನಲ್ಲಿ. ಡಿಸೆಂಬರ್‌ಗೋ ಜನವರಿಗೋ ಅಮಾವಾಸ್ಯೆ ಬರುವ ಹೊತ್ತಿಗೆ ಗಿಡ ಹೂ ಬಿಟ್ಟು ಕಾಯಿ ಕಟ್ಟುತ್ತಿರುತ್ತದೆ. ಹುಳ ಕಾಯಿಗೆ ತೂತು ಕೊರೆದು, ತಲೆ ಒಳಗೆ ತೂರಿಸಿ, ಮೈ ಹೊರಗೆ ಬಿಟ್ಟು ಕಾಳು ಮೇಯುವುದು ಆವಾಗಲೇ. ಹೊರಗುಳಿದ ಆ ಮೈ ಗೊರವಂಕ, ಬೆಳ್ಳಕ್ಕಿ, ಕಾಜಾಣಗಳ ಪಾಲು. ಕಡಲೆ ಹೊಲದಲ್ಲಿ ಚುರಮುರಿ ಚೆಲ್ಲಿ, ಹಕ್ಕಿ ಕೂಡಲು ಅಲ್ಲಲ್ಲಿ ಕೋಲು ನೆಡಿ ಎಂದು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ.

ಆದರೆ ಒಂದು ದಿನ ಒಂದು ಬುಟ್ಟಿ ಚೆಲ್ಲಿದರೆ ಹುಳ ಹತೋಟಿಗೆ ಬರುವುದಿಲ್ಲ. ಹಕ್ಕಿಗಳೆಲ್ಲ ರೈತನ ಕಡೆಯವೂ ಅಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲ ಹೊಲಕ್ಕಿಳಿದು ಬೆಳೆಯನ್ನೇ ಮೇಯುತ್ತವೆ. ಅವಕ್ಕೆ ಚರಗದ ಆಮಂತ್ರಣ ಬೇಕಿಲ್ಲ.

ನನಗೆ ಕಾಣುವ ಉಪಯೋಗ ಬೇರೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿದ ಮೇಲೆ ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಯ ಕಲಸಿದ ಬುಟ್ಟಿ ಹಿಡಿದು ಬದುವಿನ ಗುಂಟ ಇಡೀ ಹೊಲ ಸುತ್ತಬೇಕು. ಮುಂದಿನವ 'ಹುಲ್ಲುಲ್ಲಿಗ್ಯೋ' ಎಂದು ಕೂಗಿ ಎರಚುತ್ತಾನೆ, ಹಿಂದಿನವ ತಂಬಿಗೆಯಿಂದ ನೀರು ಚಿಮುಕಿಸುತ್ತಾನೆ. ದಾರಿಗೆ ಹತ್ತಿದ ಮೂಲೆಯನ್ನಷ್ಟೇ ನೋಡಿ ಮನೆಗೆ ಮರಳುವ ಯಜಮಾನನೂ ಅಂದು ನಾಲ್ಕೂ ಮೂಲೆ ತುಳಿಯಲೇಬೇಕು. ಎಲ್ಲಿ ಕಾಯಿ ತೂತು ಬಿದ್ದಿದೆ, ಎಲ್ಲಿ ಗಿಡ ಒಣಗುತ್ತಿದೆ, ಪಕ್ಕದವ ಬದು ಎಷ್ಟು ಒತ್ತಿದ್ದಾನೆ, ಎಲ್ಲ ಕಣ್ಣಿಗೆ ಬೀಳುತ್ತದೆ. ಅದೂ ಮನೆಮಂದಿಯ ಎದುರು! 'ಈ ಸಾಲು ಯಾಕೋ ಬೋಳ ಆಗೇತಿ?' ಎಂದು ಅವ್ವ ಕೇಳಿದರೆ ಉತ್ತರ ಹೇಳಬೇಕು.

ಈಗ ಬನ್ನಿಗಿಡದ ಬುಡಕ್ಕೆ ನಾಲ್ಕು ಹಿಡಿ ಚೆಲ್ಲಿ ಊಟಕ್ಕೆ ಕೂಡುವ ಅವಸರ. ಗದಗ-ಬೆಟಗೇರಿಯಿಂದ ಬಂದ ಬೀಗರಿಗೆ ಫೋಟೋ ಆಗಬೇಕಲ್ಲ! ಮರುದಿನ ಹುಳಕ್ಕೆಂದು ಎಣ್ಣಿ (ಕೀಟನಾಶಕ) ಹೊಡೆಯುತ್ತಾರೆ. ಹಿಂದಿನ ದಿನ ಕರೆದ ಹಕ್ಕಿ ಇನ್ನೂ ಅದೇ ಹೊಲದಲ್ಲಿರುತ್ತದೆ. ಚರಗ ಚೆಲ್ಲುತ್ತಲೇ ಸಾಲಿನಲ್ಲಿ ಹುಳ ಎಣಿಸಿಕೊಂಡು ಬಂದವನಿಗೆ ಪಂಪು ಹೆಗಲಿಗೇರಿಸಬೇಕೋ ಬೇಡವೋ ಗೊತ್ತಿರುತ್ತದೆ. ಕೆಲವು ವರ್ಷ ಬೇಕಾಗುವುದೇ ಇಲ್ಲ.