ಮನೆಯೊಳಗಿನ ಸೊಪ್ಪಿಗೆ ಪ್ರತಿಫಲಕ ಕಟ್ಟಬೇಕೆ?

ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಬಾಲ್ಕನಿಗೆ ಬರಬೇಕಾದ ಬಿಸಿಲನ್ನು ಎದುರಿನ ಕಟ್ಟಡ ತಡೆದು ನಿಂತಿರುತ್ತದೆ. ಹಾಗಾಗಿ ಎಲ್‌ಇಡಿ ದೀಪದಡಿ ಮೆಂತೆ, ಕೊತ್ತಂಬರಿ, ಪುದೀನ, ಲೆಟ್ಯೂಸ್ ಬೆಳೆದುಕೊಳ್ಳುವವರಿದ್ದಾರೆ. ದೀಪ ತಂದು ತೂಗುಹಾಕಿದ ಮೇಲೆ ಹುಟ್ಟುವ ಪ್ರಶ್ನೆ ಇದು: ರ‍್ಯಾಕ್‌ನ ಸುತ್ತ ಫಾಯಿಲ್ಲೋ ಬಿಳಿ ಬೋರ್ಡೋ ಬೆಳ್ಳಿ ಹಾಳೆಯೋ ಕಟ್ಟಬೇಕೆ? ಎರಡು ನಿಲುವುಗಳು ಇಲ್ಲಿವೆ.

ಪರ: ದುಡ್ಡು ಕೊಟ್ಟ ಬೆಳಕು ಗಿಡಕ್ಕೇ ಸಿಗಲಿ

ಕತ್ತಲಾದ ಮೇಲೆ ರ‍್ಯಾಕ್‌ನ ದೀಪವೊಂದನ್ನೇ ಉರಿಸಿ, ಕೋಣೆಯ ಬಾಗಿಲಲ್ಲಿ ನಿಂತು ನೋಡಿ. ಎದುರಿನ ಗೋಡೆ, ಸೋಫಾ, ಕ್ಯಾಲೆಂಡರ್ ಎಲ್ಲ ಬೆಳಗುತ್ತಿರುತ್ತವೆ. ಅಲ್ಲಿ ಬಿದ್ದದ್ದೆಲ್ಲ ಗಿಡಕ್ಕೆ ತಪ್ಪಿದ ಬೆಳಕು. ವಿದ್ಯುತ್ ಮೀಟರ್ ಅದನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ.

ಎಷ್ಟು ತಪ್ಪುತ್ತದೆ? ಲೆನ್ಸ್ ಇಲ್ಲದ ಎಲ್‌ಇಡಿಯ ಬೆಳಕು ಸುಮಾರು 120 ಡಿಗ್ರಿ ಅಗಲಕ್ಕೆ ಹರಡುತ್ತದೆ. ಅಂಥ ಒಂದು ದೀಪವನ್ನು ಗಿಡಗಳ ನಡುಮಧ್ಯಕ್ಕೆ ಒಂದು ಅಡಿ ಎತ್ತರದಲ್ಲಿ ತೂಗುಬಿಟ್ಟರೆ, ಕೆಳಗೆ ಒಂದು ಅಡಿ ತ್ರಿಜ್ಯದ ವೃತ್ತದೊಳಗೆ ಬೀಳುವುದು ಅದರ ಅರ್ಧ ಬೆಳಕು ಮಾತ್ರ. ಉಳಿದರ್ಧ ಅಕ್ಕಪಕ್ಕಕ್ಕೆ ಹೋಗುತ್ತದೆ. ದೂರ ಹೋದಂತೆ ಬೆಳಕು ಸತ್ತುಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಸಾಯುವುದಿಲ್ಲ, ಚದುರುತ್ತದೆ. ಚದುರಲು ಬಿಡದೆ ಬದಿಯಲ್ಲಿ ತಡೆದು ತಿರುಗಿಸಿದರೆ ಅದರ ಬಹುಪಾಲು ಮತ್ತೆ ಎಲೆಗೆ ಸಿಗುತ್ತದೆ.

ಯಾವುದರಿಂದ ತಡೆಯಬೇಕು ಎಂಬಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಳ್ಳೆಯ ಮ್ಯಾಟ್ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 80ರಿಂದ 90ರಷ್ಟನ್ನು ಹಿಂದಿರುಗಿಸುತ್ತದೆ. ಅಲ್ಯುಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಹಾಳೆ, ಅಂದರೆ ಮೈಲಾರ್, ಶೇ 90ನ್ನೂ ದಾಟುತ್ತದೆ. ಅಂಕಿಗಳಲ್ಲಿ ಅಂತರ ಚಿಕ್ಕದು, ದಿಕ್ಕಿನಲ್ಲಿ ದೊಡ್ಡದು. ಬಿಳಿ ಗೋಡೆ ಬೆಳಕನ್ನು ಎಲ್ಲ ಕಡೆಗೂ ಎರಚುವುದರಿಂದ ಅದರಲ್ಲಿ ಅರ್ಧದಷ್ಟು ಮೇಲಕ್ಕೇ ಹೋಗುತ್ತದೆ. ನೆಟ್ಟಗೆ ನಿಂತ ಹೊಳೆಯುವ ಹಾಳೆಗೆ ತಾಗಿದ ಕಿರಣವಾದರೋ ಕೆಳಮುಖವಾಗಿಯೇ ಮುಂದುವರಿದು ಗಿಡಕ್ಕೆ ಬರುತ್ತದೆ. ಆದ್ದರಿಂದ ಬದಿಗಳಿಗೆ ಹೊಳೆಯುವ ಹಾಳೆ, ದೀಪದ ಮೇಲ್ಭಾಗಕ್ಕೆ ಬಿಳಿ ಬಣ್ಣ ಎಂಬುದು ನನ್ನ ಆಯ್ಕೆ.

ಅಡುಗೆಮನೆಯ ಫಾಯಿಲ್ ಆದೀತೇ ಎಂದು ಕೇಳುತ್ತಾರೆ. ಆಗುತ್ತದೆ. ಸುಕ್ಕಾಗದಂತೆ ರಟ್ಟಿಗೆ ಅಂಟಿಸಬೇಕು, ಅಷ್ಟೆ. ಅದರ ಒಂದು ಮೈ ಹೊಳಪು, ಇನ್ನೊಂದು ಮಂಕು ಇರುತ್ತದಲ್ಲ, ಅದು ಕಾರ್ಖಾನೆಯಲ್ಲಿ ಕೊನೆಯ ಸುತ್ತಿನಲ್ಲಿ ಎರಡು ಹಾಳೆಗಳನ್ನು ಜೋಡಿಸಿ ರೋಲರಿನಡಿ ಹಾಯಿಸುವುದರಿಂದ ಆದದ್ದು. ರೋಲರಿಗೆ ತಾಗಿದ ಮೈ ಹೊಳೆಯುತ್ತದೆ, ಒಂದಕ್ಕೊಂದು ತಾಗಿದ ಮೈ ಮಂಕಾಗುತ್ತದೆ. ಒಟ್ಟು ಬೆಳಕು ಹಿಂದಿರುಗಿಸುವುದರಲ್ಲಿ ಎರಡಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ. ಚಿಪ್ಸ್ ಪೊಟ್ಟಣದ ಒಳಮೈಯೂ ಅಲ್ಯುಮಿನಿಯಂ ಲೇಪವೇ. ತೊಳೆದು ಒರೆಸಿ ಬಿಡಿಸಿ ಅಂಟಿಸಿದರೆ ಸಣ್ಣ ಟ್ರೇಗೆ ಸಾಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ಸಾಲಿಗೆ ಹಾಸುವ ಬೆಳ್ಳಿ-ಕಪ್ಪು ಮಲ್ಚಿಂಗ್ ಶೀಟ್ ಸಿಕ್ಕಿದರೆ ಬೆಳ್ಳಿ ಮೈ ಒಳಗೆ ಮಾಡಿ ಅದನ್ನೂ ಕಟ್ಟಬಹುದು.

ಬದಿಯಿಂದ ಬರುವ ಬೆಳಕಿಗೆ ಇನ್ನೊಂದು ಗುಣವಿದೆ. ಮೇಲಿನಿಂದಷ್ಟೇ ಬೆಳಕು ಬಿದ್ದರೆ ಮೇಲಿನ ಎಲೆಗಳು ಕೆಳಗಿನವಕ್ಕೆ ಕೊಡೆ ಹಿಡಿಯುತ್ತವೆ, ತಳದ ಎಲೆ ಹಳದಿಯಾಗಿ ಉದುರುತ್ತದೆ. ಜಪಾನಿನ ಸೇಬಿನ ತೋಟಗಳಲ್ಲಿ ಹಣ್ಣಿನ ಅಡಿಮೈಗೂ ಕೆಂಪು ಏರಲೆಂದು ಮರದ ಬುಡಕ್ಕೆ ಬೆಳ್ಳಿ ಹಾಳೆ ಹಾಸುವುದು ಇದೇ ತತ್ವದ ಮೇಲೆ. ಕಿಟಕಿಯಲ್ಲಿ ಬೆಳೆದ ಬದನೆ, ಮೆಣಸಿನ ಸಸಿಗಳು ಗಾಜಿನ ಕಡೆಗೇ ಬಾಗುವುದನ್ನು ಎಲ್ಲರೂ ನೋಡಿದ್ದೇವೆ. ಅವುಗಳ ಬೆನ್ನಿಗೊಂದು ಬಿಳಿ ಸನ್‌ಬೋರ್ಡ್ ನಿಲ್ಲಿಸಿದರೆ ಆ ಬಾಗು ಕಡಿಮೆಯಾಗುತ್ತದೆ.

ಬೆಳಕು ಸಾಲದಿದ್ದರೆ ಇನ್ನೊಂದು ದೀಪ ಹಾಕಿ ಎನ್ನುವವರಿಗೆ ನನ್ನ ಮಾತು ಇಷ್ಟೆ. 20 ವ್ಯಾಟ್‌ನ ಬ್ಯಾಟನ್ ದಿನಕ್ಕೆ 14 ಗಂಟೆ ಉರಿದರೆ ತಿಂಗಳಿಗೆ ಎಂಟು ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗೆ ಆ ಎಂಟು ಯೂನಿಟ್ ಸಣ್ಣದಲ್ಲ. ಮಿತಿ ಮೀರಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಾಳೆ ಒಂದು ಯೂನಿಟ್ಟನ್ನೂ ಕೇಳುವುದಿಲ್ಲ.

ವಿರೋಧ: ಮೊದಲು ದೀಪ ಕೆಳಗಿಳಿಯಲಿ

ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಅದನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಅದೇ ದೀಪವನ್ನು ಒಂದು ಅಡಿಯಿಂದ ಅರ್ಧ ಅಡಿಗೆ ಇಳಿಸಿ. ಅದೇ ವೃತ್ತದೊಳಗೆ ಈಗ ಬೀಳುವುದು ಶೇ 80 ಬೆಳಕು. ನಾಲ್ಕು ಇಂಚಿಗೆ ಇಳಿಸಿದರೆ ಶೇ 90. ಹಾಳೆ, ಅಂಟು, ರಟ್ಟು ಯಾವುದೂ ಬೇಕಾಗಲಿಲ್ಲ. ಹಗ್ಗದ ಗಂಟು ಬದಲಿಸಿದ್ದಷ್ಟೇ ಕೆಲಸ.

ಹೀಗೆ ಇಳಿಸಿದರೆ ನಡುವೆ ಬೆಳಕು ಹೆಚ್ಚಾಗಿ ಅಂಚು ಮಂಕಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಒಂದು ದೊಡ್ಡ ಬಲ್ಬಿನ ಬದಲು ಅಷ್ಟೇ ವ್ಯಾಟ್‌ನ ಎರಡು ಮೂರು ತೆಳು ಬ್ಯಾಟನ್‌ಗಳನ್ನು ಹರಡಿ ಕಟ್ಟಬೇಕು. ಯೂನಿಟ್ ಹೆಚ್ಚುವುದಿಲ್ಲ. ಒಮ್ಮೆಗೇ ಇಳಿಸದೆ ದಿನಕ್ಕೊಂದೆರಡು ಇಂಚು ಇಳಿಸುತ್ತ, ಮೇಲಿನ ಎಲೆ ಬಿಳಿಚಿಕೊಳ್ಳುತ್ತಿದೆಯೇ ನೋಡುತ್ತಿದ್ದರಾಯಿತು.

ಪ್ರತಿಫಲಕದ ಈ ಗೀಳು ಹಳೆಯ ದೀಪಗಳ ಕಾಲದಿಂದ ಬಂದದ್ದು. ಯುರೋಪಿನ ಗಾಜಿನಮನೆಗಳ ಸೋಡಿಯಂ ದೀಪ ಸುತ್ತಲೂ ಬೆಳಕು ಬೀರುತ್ತಿತ್ತು. ಅದರ ಕಾವಿಗೆ ಗಿಡದ ಹತ್ತಿರ ತರುವಂತಿರಲಿಲ್ಲ. ಮೇಲೊಂದು ಲೋಹದ ಕೊಡೆ ಇರಲೇಬೇಕಿತ್ತು. ನಮ್ಮ ಹಳೆಯ ಟ್ಯೂಬ್‌ಲೈಟೂ ಅರ್ಧ ಬೆಳಕನ್ನು ಚಾವಣಿಗೇ ಕೊಡುತ್ತಿತ್ತು. ಎಲ್‌ಇಡಿ ಹುಟ್ಟಿನಿಂದಲೇ ಒಂದು ಕಡೆಗೆ ಮುಖ ಮಾಡಿದ ದೀಪ, ಕಾವೂ ಕಡಿಮೆ. ಅಂದಿನ ಅಗತ್ಯವನ್ನು ಇಂದಿನ ದೀಪಕ್ಕೆ ಹೊರಿಸಬೇಕಿಲ್ಲ.

ನನ್ನ ದೊಡ್ಡ ಚಿಂತೆ ಗಾಳಿಯದ್ದು. ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆ ಕಟ್ಟಿದ ರ‍್ಯಾಕ್‌ನಲ್ಲಿ ನೀರು ಹಾಕಿದ ಮೇಲೆ ಆವಿ ಒಳಗೇ ನಿಲ್ಲುತ್ತದೆ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿಗಳು ಕೂತಿರುತ್ತವೆ. ಒತ್ತಾಗಿ ಬಿತ್ತಿದ ಸಾಸಿವೆ, ಮೆಂತೆ ಮೊಳಕೆಗಳ ಬುಡ ಮಣ್ಣಿನ ಮಟ್ಟದಲ್ಲಿ ನೀರುನೀರಾಗಿ, ದಾರದಂತೆ ಸಣ್ಣಗಾಗಿ, ಸಸಿಗಳು ಗುಂಪುಗುಂಪಾಗಿ ಅಡ್ಡ ಬೀಳುವ ಕೊಳೆ ರೋಗಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಮಳೆಗಾಲದ ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಈ ಅಪಾಯ ಇನ್ನೂ ಹೆಚ್ಚು. ಇಲ್ಲಿ ಒಂದು ಚಿಕ್ಕ ಫ್ಯಾನ್ ಮಾಡುವ ಉಪಕಾರವನ್ನು ಯಾವ ಬೆಳ್ಳಿ ಹಾಳೆಯೂ ಮಾಡಲಾರದು.

ಫಾಯಿಲ್ ವಿಷಯದಲ್ಲಂತೂ ನಾನು ಗಟ್ಟಿಯಾಗಿಯೇ ಬೇಡ ಎನ್ನುತ್ತೇನೆ. ಅದು ಲೋಹ, ಕರೆಂಟು ಹರಿಸುತ್ತದೆ. ಅಗ್ಗದ ಹೋಲ್ಡರ್, ಟೇಪ್ ಸುತ್ತಿದ ವೈರ್ ಜಾಯಿಂಟ್, ಪಕ್ಕದಲ್ಲೇ ನೀರು, ಇವೆಲ್ಲ ಇರುವಲ್ಲಿ ಫಾಯಿಲ್‌ನ ಅಂಚು ಜೋತುಬಿದ್ದು ವೈರಿಗೆ ತಾಗಿದರೆ ಇಡೀ ರ‍್ಯಾಕ್ ಕೈ ಜುಮ್ಮೆನಿಸುತ್ತದೆ, ಅದಕ್ಕಿಂತ ಕೆಟ್ಟದ್ದೂ ಆದೀತು. ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಥರ್ಮೋಕೋಲ್ ಬಿಳಿಯಾಗಿದೆ, ಅಗ್ಗವಾಗಿದೆ ಎಂದು ದೀಪದ ಡ್ರೈವರ್‌ಗೆ ಒತ್ತಿ ಕಟ್ಟುವುದೂ ಬೇಡ. ಕಾವಿಗೆ ಕರಗುತ್ತದೆ, ಬೆಂಕಿ ಸುಲಭವಾಗಿ ಹಿಡಿಯುತ್ತದೆ.

ಹಾಳೆಯ ಶೇ 90 ಎಂಬ ಅಂಕಿ ಹೊಸದಾಗಿ, ಚೊಕ್ಕಟವಾಗಿ, ಬಿಗಿಯಾಗಿರುವಾಗಿನ ಮಾತು. ಬೆಂಗಳೂರಿನ ದೂಳು, ಒಗ್ಗರಣೆಯ ಜಿಡ್ಡು, ಗೊಬ್ಬರದ ನೀರು ಸಿಡಿದ ಕಲೆ ಸೇರಿದ ಮೇಲೆ ಆ ಹೊಳಪು ಉಳಿಯುವುದಿಲ್ಲ. ಲೇಪದ ಹಾಳೆಯನ್ನು ಒರಟು ಬಟ್ಟೆಯಲ್ಲಿ ಉಜ್ಜಿದರೆ ಲೇಪವೇ ಕಿತ್ತುಬರುತ್ತದೆ. ಮಲ್ಚಿಂಗ್ ಶೀಟ್ ಕಳೆ ತಡೆಯಲು, ನುಸಿ ದೂರವಿಡಲು ಮಾಡಿದ ಬಣ್ಣ ಬೆರೆತ ಪಾಲಿಥೀನ್, ಕನ್ನಡಿಯಲ್ಲ. ರ‍್ಯಾಕ್ ಹಿಂದಿನ ಗೋಡೆಗೆ ಬಿಳಿ ಡಿಸ್ಟೆಂಪರ್ ಹೊಡೆದರೆ, ಹಳೆಯ ಮನೆಯಾದರೆ ಸುಣ್ಣ ಬಳಿದರೆ, ವರ್ಷಗಟ್ಟಲೆ ಚಿಂತೆಯಿಲ್ಲ. ಅದನ್ನೂ ಪ್ರತಿಫಲಕ ಎಂದು ಕರೆದರೆ ನನ್ನ ತಕರಾರಿಲ್ಲ. ಕಿಟಕಿಯ ಸಸಿಗೆ ಬೆನ್ನಿಗಿಡುವ ಸನ್‌ಬೋರ್ಡಿಗೂ ಇಲ್ಲ, ಅದು ಗಾಳಿಯನ್ನು ತಡೆಯುವುದಿಲ್ಲ.

ಕಟ್ಟಲೇಬೇಕು ಎನ್ನುವವರು ಮೊದಲು ಅಳೆಯಲಿ. ಮೊಬೈಲಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು, ಟ್ರೇ ಇರುವ ಜಾಗದಲ್ಲೇ ಫೋನನ್ನು ಮುಖ ಮೇಲಾಗಿ ಇಟ್ಟು ನಡುವೆ ಒಮ್ಮೆ, ನಾಲ್ಕೂ ಮೂಲೆಯಲ್ಲಿ ಒಮ್ಮೊಮ್ಮೆ ಓದಿ ಬರೆದುಕೊಳ್ಳಲಿ. ಫೋನ್ ತೋರಿಸುವ ಅಂಕಿ ನಿಖರವಲ್ಲದಿದ್ದರೂ ಹೋಲಿಕೆಗೆ ಸಾಕು. ದೀಪ ಇಳಿಸಿ ಇನ್ನೊಮ್ಮೆ ಅಳೆಯಲಿ, ಬಳಿಕ ಎರಡು ಬದಿಗಷ್ಟೇ ಹಾಳೆ ನಿಲ್ಲಿಸಿ ಮತ್ತೊಮ್ಮೆ. ಮೂರನೆಯ ಸಲ ಮೂಲೆಗಳ ಅಂಕಿ ಗಣನೀಯವಾಗಿ ಏರಿದರೆ ಆ ಎರಡು ಬದಿ ಇರಲಿ, ಮುಂದು ಹಿಂದು ತೆರೆದೇ ಇರಲಿ.