ಹೊಸ ವಿಳಾಸ ಬರಲಿ, ಹಳೆಯದೂ ಇರಲಿ

ಜಮಾಅತ್, ಮದ್ರಸಗಳ ವೆಬ್‌ಸೈಟನ್ನು ‘ಡಾಟ್ ಇನ್’ನಿಂದ ‘ಡಾಟ್ ಆರ್ಗ್’ಗೆ ಬದಲಿಸಿ ಅಂತ ಗಲ್ಫ್‌ನಲ್ಲಿರುವ ನಮ್ಮ ಮಕ್ಕಳು ಹೇಳುವುದುಂಟು. ತಪ್ಪಿಲ್ಲ. ‘ಇನ್’ ಅಂದರೆ ಇಂಡಿಯಾ; ಗೂಗಲ್ ಕೂಡ ಅದನ್ನು ಭಾರತದವರಿಗಾಗಿ ಇರುವ ತಾಣವೆಂದೇ ನೋಡುತ್ತದೆ. ದುಬೈ, ದಮ್ಮಾಮ್‌ನಲ್ಲಿ ಹುಡುಕುವವರಿಗೆ ಅದು ಹಿಂದೆ ಬೀಳಬಹುದು.

ಆದರೆ ಹಳೆಯದನ್ನು ಬಿಟ್ಟುಕೊಡಬಾರದು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂತ 1942ರಲ್ಲಿ ಬ್ರಿಟಿಷರಿಗೆ ಹೇಳಿದ ಊರಿನಲ್ಲಿ ಕೂತು ಬರೆಯುತ್ತಿದ್ದೇನೆ, ಈ ವಿಷಯದಲ್ಲಿ ನನ್ನದೂ ಅದೇ ಹಠ. ವೆಬ್ ವಿಳಾಸ ಯಾರದೂ ಸ್ವಂತವಲ್ಲ, ಬಾಡಿಗೆಯದು. ಅವಧಿ ಮುಗಿದರೂ ದುಡ್ಡು ಕಟ್ಟದಿದ್ದರೆ ಕೊನೆಗೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಜೂಜಿನ ಜಾಹೀರಾತು ಹಾಕಿದರೆ ನಮಗೆ ನಾಚಿಕೆ, ಅಷ್ಟೇ. ನಮ್ಮದೇ ಪುಟದ ಹಾಗೆ ಮಾಡಿ ಝಕಾತ್, ಸದಖಕ್ಕೆ ತಮ್ಮ ಖಾತೆ ನಂಬರ್ ಹಾಕಿದರೆ? ರಂಝಾನಿನಲ್ಲಿ ಹಳೇ ವಾಟ್ಸಾಪ್ ಮೆಸೇಜಿನ ಲಿಂಕ್ ಒತ್ತಿ ದುಡ್ಡು ಕಳಿಸುವ ಕಾಕನಿಗೆ ಗೊತ್ತಾಗುವುದು ಹೇಗೆ? ಹಳೇ ಹೆಸರಿನ ಇಮೇಲಿಗೆ ಬರುವ ಪತ್ರಗಳೂ ಅವರ ಕೈಗೇ ಹೋಗಬಹುದು.

ವಿಕಿಪೀಡಿಯ 2001ರಲ್ಲಿ ‘ಡಾಟ್ ಕಾಮ್’ನಲ್ಲಿ ಶುರುವಾಗಿ, 2002ರಲ್ಲಿ ‘ಡಾಟ್ ಆರ್ಗ್’ಗೆ ಹೋಯಿತು. ಹಳೇ ವಿಳಾಸ ಹಾಕಿದರೆ ಇವತ್ತಿಗೂ ಹೊಸದಕ್ಕೇ ಕರೆದೊಯ್ಯುತ್ತದೆ. ಹೀಗೆ ಮುಖಪುಟ ಮಾತ್ರವಲ್ಲ, ಒಳಗಿನ ಪ್ರತಿ ಪುಟವನ್ನೂ ಜೋಡಿಸಬೇಕು.

ಅದಕ್ಕೂ ಮೊದಲು ವಿಳಾಸ ಯಾರ ಹೆಸರಲ್ಲಿದೆ ನೋಡಿ. ಸೈಟ್ ಮಾಡಿಕೊಟ್ಟ ಹುಡುಗನ ಸ್ವಂತ ಇಮೇಲಿನಲ್ಲಿದ್ದು, ಅವನು ಈಗ ಸೌದಿಯಲ್ಲಿದ್ದರೆ, ಇವತ್ತೇ ಫೋನ್ ಮಾಡಿ ಕಮಿಟಿಯ ಹೆಸರಿಗೆ ಮಾಡಿಸಿಕೊಳ್ಳಿ.